ಎಷ್ಟು ದೂರ ನಿಲ್ಲಬೇಕು?

ಹೋದ ತಿಂಗಳು ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಹೊಸದಾಗಿ ಕ್ಯಾಮೆರಾ ತಗೊಂಡಿದ್ದಾಳೆ. ಅದರ ಜೊತೆ ಬಂದ 18-55 ಲೆನ್ಸ್‌ನಲ್ಲಿ ಮನೆಯವರ ಫೋಟೋ ತೆಗೆಯುತ್ತಿದ್ದಾಳೆ. ಯಾವುದೂ ಮನಸ್ಸಿಗೆ ಹಿಡಿಸುತ್ತಿಲ್ಲ. "ಅಕ್ಕಾ, ಮುಖದ ಫೋಟೋ ತೆಗೆಯೋಕೆ ಒಂದು ಲೆನ್ಸ್ ಹೇಳು. ಜಾಸ್ತಿ ದುಡ್ಡು ಹಾಕೋಕೆ ಆಗಲ್ಲ" ಅಂದಳು. ನಾನು ಒಂದು ಕ್ಷಣವೂ ಯೋಚಿಸದೆ "50 ಎಂಎಂ, ಎಫ್ 1.8 ತಗೋ" ಅಂದೆ. ಅವಳು ಬರೆದುಕೊಂಡು ಫೋನ್ ಇಟ್ಟಳು.

ಹೇಳಿದ್ದು ತಪ್ಪೇನಲ್ಲ. ಎಂಎಂ ಅನ್ನೋದು ಲೆನ್ಸ್‌ನ ಫೋಕಲ್ ಲೆಂತ್, ಅದು ಜಾಸ್ತಿಯಾದಷ್ಟೂ ಎದುರಿನದ್ದು ದೊಡ್ಡದಾಗಿ ಕಾಣುತ್ತದೆ. ಎಫ್ ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸ್ ಜಾಸ್ತಿ ಬೆಳಕು ಬಿಡುತ್ತದೆ, ಹಿಂಬದಿಯೂ ಜಾಸ್ತಿ ಮಸುಕಾಗುತ್ತದೆ. ಹೊಸಬರು ಯಾರೇ ಕೇಳಲಿ, ಫೋಟೋ ತೆಗೆಯುವವರು ಸಾಮಾನ್ಯವಾಗಿ ಇದನ್ನೇ ಹೇಳುತ್ತಾರೆ. ನನಗೂ ಯಾರೋ ಹೀಗೇ ಹೇಳಿದ್ದರು, ನಾನೂ ಹಾಗೇ ತಗೊಂಡಿದ್ದೆ. ಆದರೂ ಆ ಸಂಜೆಯೆಲ್ಲ ಮನಸ್ಸಿನಲ್ಲಿ ಏನೋ ಕೊರೆಯುತ್ತಿತ್ತು. ಅವಳ ಫೋಟೋಗಳು ಯಾಕೆ ಹಿಡಿಸುತ್ತಿಲ್ಲ ಅಂತ ನಾನು ಕೇಳಲೇ ಇಲ್ಲ. ಎಲ್ಲಿ ತೆಗೆಯುತ್ತಾಳೆ, ಯಾರದ್ದು ತೆಗೆಯುತ್ತಾಳೆ, ಎಷ್ಟು ಹತ್ತಿರ ಹೋಗುತ್ತಾಳೆ ಅಂತಲೂ ಕೇಳಲಿಲ್ಲ. ನನಗೆ ಆ ಹೊತ್ತಿನಲ್ಲಿ ಅಜ್ಜಿಯ ಒಂದು ಫೋಟೋ ನೆನಪಾಯಿತು. ಆ ಫೋಟೋ ಹಾಳಾಗಿದ್ದು ಲೆನ್ಸ್ ಅಗ್ಗದ್ದು ಅಂತಲ್ಲ. ನಾನು ನಿಂತ ಜಾಗ ತಪ್ಪಾಗಿತ್ತು. ಇದು ಅರ್ಥವಾಗೋಕೆ ನನಗೆ ಎರಡು ವರ್ಷ ಹಿಡಿಯಿತು.

ಕಿಟಕಿ ಪಕ್ಕದ ಅಜ್ಜಿ

ನನ್ನ ಮೊದಲ ಕ್ಯಾಮೆರಾ ಮನೆಗೆ ಬಂದು ಒಂದು ವಾರವಾಗಿತ್ತು. ಅಜ್ಜಿ ಮಧ್ಯಾಹ್ನ ಊಟವಾದ ಮೇಲೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು. ಬೆಳಕು ಒಂದು ಕಡೆಯಿಂದ ಬಂದು ಅವಳ ಕೆನ್ನೆಯ ಸುಕ್ಕುಗಳ ಮೇಲೆ ಬೀಳುತ್ತಿತ್ತು. ನೋಡಿದ ಕೂಡಲೇ ಇದನ್ನು ಹಿಡಿಯಬೇಕು ಅನ್ನಿಸಿತು. ಆ ಹೊತ್ತಿಗೆ ನನಗೆ ಗೊತ್ತಿದ್ದದ್ದು ಒಂದೇ, ಮುಖ ದೊಡ್ಡದಾಗಿ ಕಾಣಬೇಕೆಂದರೆ ಹತ್ತಿರ ಹೋಗಬೇಕು. ಜೂಮ್ 18ರಲ್ಲೇ ಇತ್ತು. ಕ್ಯಾಮೆರಾ ಅವಳ ಮುಖದಿಂದ ಒಂದು ಮೊಳ ದೂರ ಬರುವವರೆಗೂ ಹೋದೆ. ಅವಳು ಸ್ವಲ್ಪ ಹಿಂದೆ ಸರಿದಳು. ನಾನು ಇನ್ನೂ ಸ್ವಲ್ಪ ಮುಂದೆ ಹೋದೆ. ಕ್ಲಿಕ್ ಮಾಡಿದೆ.

ಹಿಂದಿನ ಪರದೆಯಲ್ಲಿ ಅವಳಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ತುಂಬಾ ಹೊತ್ತು ನೋಡಿದಳು. ಚೆನ್ನಾಗಿಲ್ಲ ಅಂತ ಅವಳು ಹೇಳಲಿಲ್ಲ. "ನನ್ನ ಮುಖ ಇಷ್ಟೊಂದು ಬದಲಾಗಿದೆಯಾ ಮಗಾ?" ಅಂತ ಕೇಳಿದಳು. ಮೂಗು ಮುಂದೆ ಬಂದಿತ್ತು. ಕಿವಿಗಳು ಕೆನ್ನೆಯ ಹಿಂದೆ ಅಡಗಿದ್ದವು. ಹಣೆ ಕಿರಿದಾಗಿತ್ತು. ದಿನವೂ ನೋಡುವ ಅಜ್ಜಿ ಅದರಲ್ಲಿ ಇರಲಿಲ್ಲ. ಇಲ್ಲ ಅಜ್ಜಿ, ಇದು ಕ್ಯಾಮೆರಾದ ತಪ್ಪು ಅಂದೆ. ಅವಳು ತಲೆಯಾಡಿಸಿದಳು. ಆದರೆ ಆಮೇಲೆ ಎಷ್ಟೋ ದಿನ ನಾನು ಕ್ಯಾಮೆರಾ ತೆಗೆದರೆ ಸಾಕು, ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಒಳಗೆ ಹೋಗುತ್ತಿದ್ದಳು.

ಕ್ಯಾಮೆರಾದ ತಪ್ಪು ಅಂತ ನಾನೂ ನಂಬಿದ್ದೆ. ಒಳ್ಳೆಯ ಲೆನ್ಸ್ ಬಂದರೆ ಸರಿಹೋಗುತ್ತದೆ ಅಂದುಕೊಂಡಿದ್ದೆ.

ನಿಜ ಏನು ಅಂದರೆ, ಮುಖದ ಆಕಾರವನ್ನು ಬದಲಿಸುವುದು ಲೆನ್ಸ್ ಅಲ್ಲವೇ ಅಲ್ಲ. ಅದು ದೂರದ ಕೆಲಸ. ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂಟಿಮೀಟರ್ ಅಂತರ ಇದೆ ಅಂತಿಟ್ಟುಕೊಳ್ಳಿ. ನೀವು ಮೂಗಿನಿಂದ 40 ಸೆಂಟಿಮೀಟರ್ ದೂರದಲ್ಲಿದ್ದರೆ ಕಿವಿ 52 ಸೆಂಟಿಮೀಟರ್ ದೂರದಲ್ಲಿರುತ್ತದೆ. ಅಂದರೆ ಕಿವಿಗೆ ಹೋಲಿಸಿದರೆ ಮೂಗು ನೂರಕ್ಕೆ ಮೂವತ್ತರಷ್ಟು ದೊಡ್ಡದಾಗಿ ಬೀಳುತ್ತದೆ. ಅದೇ ಎರಡು ಮೀಟರ್ ಹಿಂದೆ ನಿಂತರೆ ಕಿವಿ 2.12 ಮೀಟರ್ ದೂರ. ವ್ಯತ್ಯಾಸ ನೂರಕ್ಕೆ ಆರು ಮಾತ್ರ. ನಾವು ಎದುರು ಕೂತು ಮಾತಾಡುವಾಗ ಒಬ್ಬರನ್ನೊಬ್ಬರು ನೋಡುವುದು ಒಂದೂವರೆ ಎರಡು ಮೀಟರ್ ದೂರದಿಂದ. ನಮ್ಮ ಜನರ ಮುಖ ನಮ್ಮ ನೆನಪಿನಲ್ಲಿ ಕೂತಿರುವುದು ಆ ದೂರದಿಂದಲೇ. ಸೆಲ್ಫಿಗಳ ಬಗ್ಗೆ ಅಮೆರಿಕದ ವೈದ್ಯರು 2018ರಲ್ಲಿ ಇದೇ ಲೆಕ್ಕವನ್ನು ಪ್ರಕಟಿಸಿದರು. ಐದು ಅಡಿ ದೂರದಿಂದ ತೆಗೆದ ಫೋಟೋಕ್ಕಿಂತ ಒಂದು ಅಡಿ ದೂರದಿಂದ ತೆಗೆದದ್ದರಲ್ಲಿ ಮೂಗು ನೂರಕ್ಕೆ ಸುಮಾರು 30ರಷ್ಟು ಅಗಲವಾಗಿ ಕಾಣುತ್ತದೆ ಅಂತ. ಫೋಟೋ ನೋಡಿ ಮೂಗಿನ ಆಪರೇಷನ್ ಬೇಕು ಅಂತ ಬರುವವರಿಗೆ ತಿಳಿಹೇಳಲು ಅವರಿಗೆ ಈ ಲೆಕ್ಕ ಬೇಕಾಗಿತ್ತು. ಅದನ್ನು ಓದಿದ ದಿನ ನನಗೆ ಅಜ್ಜಿಯ ಪ್ರಶ್ನೆ ಮತ್ತೆ ಕೇಳಿಸಿದಂತಾಯಿತು.

ನಂಬಿಕೆ ಬರದಿದ್ದರೆ ಮನೆಯಲ್ಲೇ ಮಾಡಿ ನೋಡಬಹುದು. ಒಬ್ಬರನ್ನು ಕೂರಿಸಿ. ಎರಡು ಮೀಟರ್ ದೂರ ನಿಂತು 18ರಲ್ಲಿ ಒಂದು ಫೋಟೋ ತೆಗೆಯಿರಿ. ಕಾಲು ಕದಲಿಸದೆ 55ರಲ್ಲಿ ಇನ್ನೊಂದು. ಆಮೇಲೆ ಮೊದಲನೆಯದರಲ್ಲಿ ಮುಖದ ಭಾಗವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿ. ಎರಡರಲ್ಲೂ ಅದೇ ಮೂಗು, ಅದೇ ಕಿವಿ. ಒಂದು ಸ್ವಲ್ಪ ಒರಟಾಗಿರುತ್ತದೆ, ಅಷ್ಟೇ. ಹಾಗಾದರೆ ಉದ್ದದ ಲೆನ್ಸ್, ಅಂದರೆ ಜಾಸ್ತಿ ಎಂಎಂನದ್ದು, ಯಾಕೆ ಬೇಕು? ಅದು ನಮ್ಮನ್ನು ಹಿಂದೆ ನಿಲ್ಲಿಸುತ್ತದೆ. ಹಿಂದೆ ನಿಂತರೂ ಮುಖ ಚೌಕಟ್ಟು ತುಂಬುವ ಹಾಗೆ ನೋಡಿಕೊಳ್ಳುತ್ತದೆ. ಮುಖದ ಫೋಟೋಕ್ಕೆ ಲೆನ್ಸ್ ಆರಿಸುವುದು ಅಂದರೆ ಎಷ್ಟು ದೂರ ನಿಲ್ಲುತ್ತೇನೆ ಅಂತ ತೀರ್ಮಾನ ಮಾಡಿದ ಹಾಗೆ.

ಮಸುಕಿನ ಮೋಹ

ಹೊಸಬರು ಪೋರ್ಟ್ರೇಟ್ ಲೆನ್ಸ್ ಕೇಳುವಾಗ ಅವರ ಕಣ್ಣ ಮುಂದೆ ಇರುವುದು ಹಿಂಬದಿಯೆಲ್ಲ ಕರಗಿಹೋಗಿ ಮುಖ ಮಾತ್ರ ಎದ್ದು ನಿಂತ ಚಿತ್ರ. ನನಗೂ ಅದೇ ಬೇಕಿತ್ತು. ಅದರಲ್ಲಿ ತಪ್ಪೇನಿಲ್ಲ, ನೋಡೋಕೆ ಚೆನ್ನಾಗೇ ಇರುತ್ತದೆ. ಆದರೆ ಎಫ್ 1.8 ಅನ್ನೋ ಸಂಖ್ಯೆ ಹುಟ್ಟಿದ್ದೇ ಮಸುಕಿಗಾಗಿ ಅಂತ ನಾನು ಬಹಳ ದಿನ ತಿಳಿದಿದ್ದೆ. ಹಾಗಲ್ಲ.

ಮುಖದ ಫೋಟೋಕ್ಕಾಗಿ ಮೊದಲ ಒಳ್ಳೆಯ ಲೆನ್ಸ್ ಬಂದದ್ದು 1840ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಡಾಗೆರೋಟೈಪ್ ಅನ್ನೋ ಫೋಟೋ ವಿಧಾನ ಜಗತ್ತಿಗೆ ಗೊತ್ತಾಗಿತ್ತು. ಆಗಿನ ಲೆನ್ಸ್‌ಗಳು ಎಷ್ಟು ಕಡಿಮೆ ಬೆಳಕು ಬಿಡುತ್ತಿದ್ದವು ಅಂದರೆ ಜನ ನಿಮಿಷಗಟ್ಟಲೆ ಅಲ್ಲಾಡದೆ ಕೂರಬೇಕಿತ್ತು. ತಲೆ ಅಲುಗದಂತೆ ಹಿಂದಿನಿಂದ ಒಂದು ಕಬ್ಬಿಣದ ಆಸರೆ ಕೊಡುತ್ತಿದ್ದರು. ವಿಯೆನ್ನಾದಲ್ಲಿ ಗಣಿತ ಕಲಿಸುತ್ತಿದ್ದ ಜೋಸೆಫ್ ಪೆಟ್ಜ್‌ವಾಲ್ ಲೆಕ್ಕ ಹಾಕಿ ಹಾಕಿ ಒಂದು ಹೊಸ ಲೆನ್ಸ್ ರೂಪಿಸಿದರು. ಈಗಿನ ಭಾಷೆಯಲ್ಲಿ ಹೇಳುವುದಾದರೆ ಅದು ಸುಮಾರು ಎಫ್ 3.6. ಅದನ್ನು ತಯಾರಿಸಿದ್ದು ಫೋಗ್ಟ್‌ಲೆಂಡರ್ ಕಂಪನಿ. ಅದರ ಅಂಚುಗಳು ಮಸುಕಾಗಿ ಸುತ್ತಿದ ಹಾಗೆ ಕಾಣುತ್ತಿದ್ದವು. ಇವತ್ತು ಅದನ್ನು ಸೊಗಸು ಅಂತ ಮೆಚ್ಚುವವರಿದ್ದಾರೆ, ಆದರೆ ಅದು ಅವರು ಬಯಸಿದ್ದಲ್ಲ. ಬೇಕಾಗಿದ್ದದ್ದು ಬೆಳಕು. ಕೂತ ಮನುಷ್ಯನಿಗೆ ಕಲ್ಲಾಗುವ ಕಷ್ಟ ಕಡಿಮೆಯಾಗಬೇಕಿತ್ತು. ಇದನ್ನು ತಿಳಿದ ಮೇಲೆ ನನಗೆ ಎಫ್ ಸಂಖ್ಯೆಯ ಮೇಲೆ ಒಂದು ಪ್ರೀತಿಯೇ ಹುಟ್ಟಿತು. ಅದು ಎದುರಿಗೆ ಕೂತವರಿಗೆ ಕೊಡುವ ಬಿಡುವು.

ಕ್ಯಾಮೆರಾ ಜೊತೆ ಬರುವ ನಮ್ಮ 18-55 ಕಿಟ್ ಲೆನ್ಸನ್ನೇ ತಗೊಳ್ಳಿ. 55ಕ್ಕೆ ಜೂಮ್ ಮಾಡಿದರೆ ಅದರ ಅಪರ್ಚರ್, ಅಂದರೆ ಬೆಳಕಿನ ಕಿಂಡಿ, ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. 55ನ್ನು 5.6ರಿಂದ ಭಾಗಿಸಿ, ಬೆಳಕು ಬರುವ ಕಿಂಡಿ ಸುಮಾರು 10 ಮಿಲಿಮೀಟರ್ ಅಗಲ. 50 ಎಂಎಂ ಎಫ್ 1.8ರಲ್ಲಿ ಅದು ಸುಮಾರು 28 ಮಿಲಿಮೀಟರ್. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಬೀಳುವ ಬೆಳಕು ಹೆಚ್ಚುಕಡಿಮೆ ಹತ್ತು ಪಟ್ಟು. ಕಿಟಕಿ ಪಕ್ಕದ ಮಧ್ಯಾಹ್ನದಲ್ಲಿ ಕಿಟ್ ಲೆನ್ಸ್‌ಗೆ ಸೆಕೆಂಡಿನ ಹದಿನೈದನೇ ಒಂದು ಭಾಗ ಬೇಕಾದರೆ ಇದಕ್ಕೆ ನೂರೈವತ್ತನೇ ಒಂದು ಭಾಗ ಸಾಕು. ಹದಿನೈದನೇ ಒಂದು ಭಾಗದಲ್ಲಿ ವಯಸ್ಸಾದವರ ತಲೆ ಸಣ್ಣಗೆ ಅಲ್ಲಾಡಿಬಿಡುತ್ತದೆ, ಮಗು ಎದ್ದು ಓಡಿಯೇ ಹೋಗಿರುತ್ತದೆ. ನೂರೈವತ್ತರಲ್ಲಿ ಅವರು ಮಾತಾಡುತ್ತಿದ್ದರೂ ಮುಖ ಸ್ಪಷ್ಟವಾಗಿ ಸಿಗುತ್ತದೆ. ಐಎಸ್‌ಒ ಅಂದರೆ ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಅನ್ನೋ ಸಂಖ್ಯೆ, ಜಾಸ್ತಿಯಾದರೆ ಫೋಟೋ ಕಾಳು ಕಾಳಾಗುತ್ತದೆ. ಶಟರ್ ವೇಗ ಒಂದೇ ಇಟ್ಟರೆ ಕಿಟ್ ಲೆನ್ಸ್ ಐಎಸ್‌ಒ 6400 ಕೇಳುವ ಕಡೆ ಇದು 640 ಕೇಳುತ್ತದೆ. ಮೊದಲ ಹಂತದ ಕ್ಯಾಮೆರಾಗಳಲ್ಲಿ ಈ ಎರಡರ ನಡುವೆ ಚರ್ಮದ ಬಣ್ಣದಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ ಅನ್ನೋದನ್ನು ಒಮ್ಮೆ ನೋಡಿದವರಿಗೆ ಜಾಸ್ತಿ ಹೇಳಬೇಕಿಲ್ಲ.

ಲೆನ್ಸ್‌ನಲ್ಲೇ ಸ್ಟೆಬಿಲೈಸೇಶನ್ ಇದ್ದರೆ ಸಾಲದಾ ಅಂತ ಕೇಳುವವರಿದ್ದಾರೆ. ಅದು ನನ್ನ ಕೈಯ ನಡುಕವನ್ನು ತಡೆಯುತ್ತದೆ. ಎದುರಿಗಿರುವವರ ಉಸಿರಾಟವನ್ನು, ನಗುವನ್ನು, ತಲೆ ತಿರುಗಿಸುವುದನ್ನು ತಡೆಯುವುದಿಲ್ಲ. ಮುಖದ ಫೋಟೋಕ್ಕೆ ನಾನು ಸ್ಟೆಬಿಲೈಸೇಶನ್‌ಗಿಂತ ದೊಡ್ಡ ಅಪರ್ಚರನ್ನೇ ಆರಿಸುತ್ತೇನೆ.

ತಂಗಿ ಮತ್ತು ಎರವಲು ಲೆನ್ಸ್

50 ಎಂಎಂ ಕೈಯಲ್ಲಿದ್ದರೂ 85 ಎಂಎಂ ಮೇಲೆ ನನಗೆ ಒಂದು ಕಣ್ಣಿತ್ತು. ಓದಿದಲ್ಲೆಲ್ಲ ನಿಜವಾದ ಪೋರ್ಟ್ರೇಟ್ ಲೆನ್ಸ್ ಅಂದರೆ 85 ಅಂತಿತ್ತು. ಬೆಲೆ 50ಕ್ಕಿಂತ ಬಹಳ ಜಾಸ್ತಿ, ಕೊಳ್ಳುವ ಮಾತೇ ಇರಲಿಲ್ಲ. ಗೆಳತಿಯೊಬ್ಬಳು ವಾರದ ಮಟ್ಟಿಗೆ ತನ್ನ 85 ಎಂಎಂ ಎಫ್ 1.8 ಕೊಟ್ಟಳು. ತಂಗಿಗೆ ಕೆಲಸದ ಅರ್ಜಿಗೆ ಒಂದು ಒಳ್ಳೆಯ ಫೋಟೋ ಬೇಕಿತ್ತು. ಅವಳನ್ನು ಅವಳ ಕೋಣೆಯಲ್ಲೇ ಕೂರಿಸಿದೆ. ಕಿಟಕಿ ಇದೆ, ಗೋಡೆಯ ಬಣ್ಣ ತಿಳಿ, ಎಲ್ಲ ಸರಿಯಾಗಿದೆ.

ಕಣ್ಣಿಗೆ ಕ್ಯಾಮೆರಾ ಇಟ್ಟರೆ ಹುಬ್ಬಿನಿಂದ ಗಲ್ಲದವರೆಗೆ ಮಾತ್ರ ಕಾಣುತ್ತಿದೆ. ಹಿಂದೆ ಸರಿದೆ. ಬೆನ್ನು ಬೀರುವಿಗೆ ತಾಗಿತು. ಆದರೂ ಭುಜ ಬರಲಿಲ್ಲ. ಬಾಗಿಲು ತೆಗೆದು ಹೊಸ್ತಿಲ ಮೇಲೆ ನಿಂತೆ. ಇನ್ನೂ ಸಾಲದು. ಕೊನೆಗೆ ಹಜಾರದಲ್ಲಿ ನಿಂತು, ಬಾಗಿಲ ಮೂಲಕ ಕೋಣೆಯೊಳಗಿನ ತಂಗಿಯ ಫೋಟೋ ತೆಗೆಯುತ್ತಿದ್ದೆ. "ಗಲ್ಲ ಸ್ವಲ್ಪ ಕೆಳಗೆ" ಅಂತ ಕೂಗಬೇಕಾಗಿತ್ತು. ಅವಳು "ಏನು?" ಅಂತ ಕೂಗುತ್ತಿದ್ದಳು. ನಡುವೆ ಅಮ್ಮ ಹಾದುಹೋಗುತ್ತಿದ್ದಳು. ಫೋಟೋಗಳು ಬಂದವು, ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟ. ಹಿಂಬದಿ ಬೆಣ್ಣೆಯಂತೆ ಕರಗಿತ್ತು. ಆದರೆ ತಂಗಿಯ ಮುಖದಲ್ಲಿ ಒಂದು ಬಿಗಿ ಇತ್ತು. ದೂರದಲ್ಲಿ ಯಾರೋ ತನ್ನನ್ನು ಗಮನಿಸುತ್ತಿದ್ದಾರೆ ಅನ್ನೋ ಬಿಗಿ.

ಮಾರನೇ ದಿನ ಅದೇ ಕುರ್ಚಿ, ಅದೇ ಹೊತ್ತು, ನನ್ನ 50. ಮಂಚದ ತುದಿಯಲ್ಲಿ ಕೂತೆ. ಅವಳಿಂದ ನಾಲ್ಕೈದು ಅಡಿ. ಇಂಟರ್‌ವ್ಯೂನಲ್ಲಿ ಏನು ಕೇಳಬಹುದು ಅಂತ ಮೆಲ್ಲಗೆ ಮಾತಾಡುತ್ತಾ ನಡುನಡುವೆ ಕ್ಲಿಕ್ ಮಾಡಿದೆ. ಅವಳು ಒಂದು ಉತ್ತರ ಯೋಚಿಸುತ್ತಾ ನನ್ನ ಕಡೆ ತಿರುಗಿ, ಹೊಳೆದ ಕೂಡಲೇ ಕಣ್ಣು ಅರಳಿಸಿದಳು. ಆ ಫೋಟೋವನ್ನೇ ಅವಳು ಅರ್ಜಿಗೆ ಹಾಕಿದಳು. ಅದಾಗಿ ಇಷ್ಟು ವರ್ಷವಾದರೂ ಅವಳ ಫೋನಿನಲ್ಲಿ ಈಗಲೂ ಅದೇ ಇದೆ.

ಆಮೇಲೆ ಕೂತು ಲೆಕ್ಕ ಮಾಡಿದೆ. ಹೊಸಬರ ಕ್ಯಾಮೆರಾಗಳಲ್ಲಿ ಹೆಚ್ಚಿನವು ಎಪಿಎಸ್-ಸಿ ಸೆನ್ಸರ್‌ನವು, ಹಳೆಯ ಫಿಲ್ಮ್ ಚೌಕಟ್ಟಿಗಿಂತ ಚಿಕ್ಕವು. ಅಷ್ಟೇ ದೊಡ್ಡ ಸೆನ್ಸರ್ ಇದ್ದರೆ ಅದು ಫುಲ್ ಫ್ರೇಮ್. ಎರಡನ್ನೂ ಹೋಲಿಸಲು ಲೆನ್ಸ್‌ನ ಎಂಎಂ ಸಂಖ್ಯೆಯನ್ನು ನಿಕಾನ್, ಸೋನಿ, ಫ್ಯೂಜಿಯಲ್ಲಿ 1.5ರಿಂದ ಗುಣಿಸಬೇಕು, ಕ್ಯಾನನ್‌ನಲ್ಲಿ 1.6ರಿಂದ. ಅಲ್ಲಿ 50 ಎಂಎಂ ಅಂದರೆ ಫುಲ್ ಫ್ರೇಮ್‌ನ 75 ಅಥವಾ 80 ತೋರಿಸುವಷ್ಟೇ ಜಾಗವನ್ನು ತೋರಿಸುತ್ತದೆ. ಪುಸ್ತಕಗಳು ಹೊಗಳುವ 85ಕ್ಕೆ ಬಹಳ ಹತ್ತಿರ. ಅಲ್ಲಿ 85 ಹಾಕಿದರೆ ಅದು ಸುಮಾರು 130 ಆಗಿಬಿಡುತ್ತದೆ. ಕ್ಯಾಮೆರಾವನ್ನು ಉದ್ದುದ್ದ ಹಿಡಿದು ತಲೆಯಿಂದ ಎದೆಯವರೆಗೆ, ಅಂದರೆ ಸುಮಾರು 60 ಸೆಂಟಿಮೀಟರ್ ಎತ್ತರ ತುಂಬಿಸಬೇಕು ಅಂದರೆ 35ರಲ್ಲಿ ಒಂದು ಮೀಟರಿಗಿಂತ ಹತ್ತಿರ ಹೋಗಬೇಕು, 50ರಲ್ಲಿ 1.3 ಮೀಟರ್, 85ರಲ್ಲಿ 2.2 ಮೀಟರ್. ಸೊಂಟದವರೆಗೆ ಬೇಕಾದರೆ 50ಕ್ಕೆ ಎರಡು ಮೀಟರ್ ಸಾಕು, 85ಕ್ಕೆ ಮೂರೂಕಾಲು ಮೀಟರ್. ನಿಂತ ಮನುಷ್ಯ ಅಡಿಯಿಂದ ಮುಡಿವರೆಗೆ ಬೇಕಾದರೆ 85 ಆರೂವರೆ ಮೀಟರ್ ಕೇಳುತ್ತದೆ. ಇದರ ಮೇಲೆ ನನ್ನ ಬೆನ್ನಿಗೆ ಜಾಗ ಬೇಕು. ಹಿಂಬದಿ ಮಸುಕಾಗಬೇಕಾದರೆ ಕೂತವರ ಹಿಂದೆ ಗೋಡೆಯವರೆಗೆ ಒಂದು ಮೀಟರಾದರೂ ಬೇಕು. ಮೂರು ಮೀಟರ್ ಕೋಣೆಯಲ್ಲಿ ಇದು ಹೇಗೆ ಹಿಡಿಸುತ್ತದೆ?

ಆದರೆ ತಂಗಿಯ ಆ ಎರಡು ಫೋಟೋಗಳ ನಡುವೆ ಲೆಕ್ಕಕ್ಕೆ ಸಿಗದ ಒಂದು ವಿಷಯ ಇದೆ. ನನಗೆ ಅದೇ ಮುಖ್ಯ. ಮಾತಾಡುವ ದೂರ ಅಂತ ಒಂದಿದೆ. ಧ್ವನಿ ಏರಿಸದೆ, ಪಿಸುಗುಟ್ಟದೆ ಮಾತಾಡುವ ದೂರ. ಆ ದೂರದಲ್ಲಿ ಕೂತಾಗ ಜನ ತಮ್ಮ ಮುಖವನ್ನು ಮರೆಯುತ್ತಾರೆ. ಅದಕ್ಕಿಂತ ಹತ್ತಿರ ಹೋದರೆ ಅಜ್ಜಿ ಹಿಂದೆ ಸರಿದ ಹಾಗೆ ಸರಿಯುತ್ತಾರೆ. ದೂರ ಹೋದರೆ ತಂಗಿಯ ಹಾಗೆ ಬಿಗಿಯುತ್ತಾರೆ. ಪುಟ್ಟ ಸೆನ್ಸರ್‌ನ ಕ್ಯಾಮೆರಾದಲ್ಲಿ 50 ಎಂಎಂ ನಮ್ಮನ್ನು ನಿಲ್ಲಿಸುವುದು ಸರಿಯಾಗಿ ಆ ಜಾಗದಲ್ಲಿ. ಅಗ್ಗ ಅನ್ನೋದು ಆಮೇಲಿನ ಮಾತು.

ಹಾಗಂತ ಎಲ್ಲರಿಗೂ 50 ಅಂತ ನಾನು ಹೇಳುವುದಿಲ್ಲ. ಮನೆ ತುಂಬಾ ಚಿಕ್ಕದಾಗಿದ್ದರೆ, ಅಥವಾ ಮುಖದ ಜೊತೆ ಅವರ ಕೆಲಸದ ಮೇಜು, ಪುಸ್ತಕ, ಹೊಲಿಗೆ ಯಂತ್ರ ಇವೆಲ್ಲ ಬೇಕು ಅನ್ನಿಸಿದರೆ 35 ಒಳ್ಳೆಯದು. ಅದರಲ್ಲಿ ಮುಖವನ್ನಷ್ಟೇ ತುಂಬಿಸಲು ಹೋಗಬಾರದು, ಅಷ್ಟೇ ಎಚ್ಚರ. ಹೊರಗೆ ಬಯಲಿನಲ್ಲೇ ತೆಗೆಯುವವರಿಗೆ 85 ಸುಖ. ಇನ್ನೂ ಚಿಕ್ಕ ಸೆನ್ಸರ್‌ನ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾ ಇದ್ದವರು ಎರಡರಿಂದ ಗುಣಿಸಬೇಕು. ಅವರಿಗೆ 2011ರಲ್ಲಿ ಬಂದ ಒಲಿಂಪಸ್‌ನ 45 ಎಂಎಂ ಎಫ್ 1.8 ತುಂಬಾ ಸಣ್ಣ, ಒಳ್ಳೆಯ ಲೆನ್ಸ್.

ಅಗ್ಗ ಯಾಕೆ?

ಇಷ್ಟು ಒಳ್ಳೆಯದಾದರೆ ಯಾಕೆ ಇಷ್ಟು ಕಡಿಮೆ ಬೆಲೆ ಅನ್ನೋ ಅನುಮಾನ ಚಿಕ್ಕಮ್ಮನ ಮಗಳಿಗೂ ಇತ್ತು. ನ್ಯಾಯವಾದ ಅನುಮಾನ. ಉತ್ತರ ನನಗೆ ಬಹಳ ಇಷ್ಟ. ಈ ಲೆನ್ಸ್‌ಗಳ ಒಳಗಿನ ವಿನ್ಯಾಸಕ್ಕೆ ಡಬಲ್ ಗಾಸ್ ಅಂತ ಹೆಸರು. ನಡುವೆ ಅಪರ್ಚರ್, ಎರಡೂ ಕಡೆ ಕನ್ನಡಿಯಲ್ಲಿ ಕಂಡ ಹಾಗೆ ಜೋಡಿಸಿದ ಗಾಜುಗಳು. ಒಂದು ಕಡೆಯ ದೋಷವನ್ನು ಇನ್ನೊಂದು ಕಡೆ ಹೊಡೆದುಹಾಕುತ್ತದೆ. ಜೈಸ್ ಕಂಪನಿಯಲ್ಲಿ ಪೌಲ್ ರುಡಾಲ್ಫ್ 1896ರಲ್ಲಿ ಈ ದಾರಿಯಲ್ಲಿ ಪ್ಲಾನರ್ ಲೆನ್ಸ್ ಮಾಡಿದರು. ನೂರಕ್ಕೂ ಜಾಸ್ತಿ ವರ್ಷ ಜನ ಇದನ್ನು ತಿದ್ದಿ ತೀಡಿದ್ದಾರೆ. ಕ್ಯಾನನ್‌ನ 50 ಎಂಎಂ ಎಫ್ 1.8ರಲ್ಲಿ ಇರುವುದು ಆರೇ ಗಾಜು. ಇನ್ನೊಂದು ಕಾರಣವೂ ಇದೆ. ಕನ್ನಡಿ ಇರುವ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಲೆನ್ಸ್ ಕೂರುವ ಮೌಂಟಿನಿಂದ ಸೆನ್ಸರ್‌ವರೆಗೆ ಕ್ಯಾನನ್‌ನಲ್ಲಿ 44, ನಿಕಾನ್‌ನಲ್ಲಿ 46.5 ಮಿಲಿಮೀಟರ್ ಜಾಗ ಬಿಡಬೇಕು. ಅದಕ್ಕಿಂತ ಕಿರಿದಾದ ಫೋಕಲ್ ಲೆಂತ್ ಬೇಕೆಂದರೆ ಕನ್ನಡಿಗೆ ತಾಗದ ಹಾಗೆ ಲೆನ್ಸನ್ನು ಸುತ್ತುಬಳಸಿ ಕಟ್ಟಬೇಕು. 50 ಆ ಗೆರೆಯನ್ನು ಸ್ವಲ್ಪದರಲ್ಲೇ ದಾಟುತ್ತದೆ. ನೇರವಾಗಿ ಕಟ್ಟಬಹುದು. ಅದಕ್ಕಿಂತ ಉದ್ದ ಹೋದರೆ ಗಾಜಿನ ಗಾತ್ರ ಬೆಳೆಯುತ್ತದೆ. 85 ಎಂಎಂ ಎಫ್ 1.8ಕ್ಕೆ ಬೇಕಾದ ಕಿಂಡಿ ಸುಮಾರು 47 ಮಿಲಿಮೀಟರ್.

ಬೆಲೆ ಇಳಿಯಲು ಹೊರಗಿನ ಪ್ಲಾಸ್ಟಿಕ್ಕೂ ಕಾರಣ. 1990ರಲ್ಲಿ ಬಂದ ಕ್ಯಾನನ್‌ನ ಎರಡನೇ ಮಾದರಿಯಲ್ಲಿ ಮೌಂಟ್ ಕೂಡ ಪ್ಲಾಸ್ಟಿಕ್, ಅಪರ್ಚರ್ ಬ್ಲೇಡುಗಳು ಐದೇ. 2015ರ ಎಸ್‌ಟಿಎಂ ಮಾದರಿಯಲ್ಲಿ ಮೌಂಟ್ ಲೋಹದ್ದು, ಬ್ಲೇಡು ಏಳು, 35 ಸೆಂಟಿಮೀಟರ್‌ವರೆಗೆ ಹತ್ತಿರದ ಫೋಕಸ್, ತೂಕ ಸುಮಾರು 160 ಗ್ರಾಂ. ಬಳಸಿದ ಲೆನ್ಸ್ ತಗೊಳ್ಳುವವರು ಈ ಎರಡನ್ನು ಬೇರೆ ಮಾಡಿ ನೋಡಬೇಕು. ಸ್ವಲ್ಪ ಜಾಸ್ತಿಯಾದರೂ ಎಸ್‌ಟಿಎಂ ಮಾದರಿಯೇ ವಾಸಿ.

ದುಡ್ಡು ಕೊಡುವ ಮುಂಚೆ

ಇಲ್ಲಿ ಒಂದು ವಿಷಯ ಮಾತ್ರ ಒತ್ತಿ ಹೇಳುತ್ತೇನೆ. ಲೆನ್ಸ್ ಕ್ಯಾಮೆರಾಕ್ಕೆ ಕೂರುತ್ತದೆ ಅನ್ನೋದೂ, ಫೋಕಸ್ ತಾನಾಗೇ ಆಗುತ್ತದೆ ಅನ್ನೋದೂ ಬೇರೆ ಬೇರೆ. ನಿಕಾನ್ ಡಿ3000, ಡಿ5000 ಸಾಲಿನ ಕ್ಯಾಮೆರಾಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಮೋಟಾರ್ ಲೆನ್ಸ್‌ನಲ್ಲಿರಬೇಕು. ಹಾಗಾಗಿ ಹಳೆಯ 50 ಎಂಎಂ ಎಫ್ 1.8ಡಿ ಅದರ ಮೇಲೆ ಸರಿಯಾಗಿ ಕೂರುತ್ತದೆ, ಆದರೆ ಫೋಕಸ್ ಕೈಯಲ್ಲೇ ತಿರುಗಿಸಬೇಕು. ಎಎಫ್-ಎಸ್ ಅಂತ ಬರೆದಿರುವ 2011ರ 1.8ಜಿ ಆದರೆ ತೊಂದರೆ ಇಲ್ಲ. ಕ್ಯಾನನ್‌ನ ಹೊಸ ಮಿರರ್‌ಲೆಸ್‌ (ಕನ್ನಡಿ ಇಲ್ಲದ) ಕ್ಯಾಮೆರಾಗಳಿಗೆ 2020ರ ಆರ್‌ಎಫ್ 50 ಎಂಎಂ ಎಫ್ 1.8 ನೇರ ಕೂರುತ್ತದೆ, ಹಳೆಯ ಇಎಫ್ ಆದರೆ ಅಡಾಪ್ಟರ್ ಬೇಕು. ಸೋನಿಯಲ್ಲಿ 50 ಎಂಎಂ ಎಫ್ 1.8 ಅಂತ ಎರಡಿವೆ. ಚಿಕ್ಕ ಸೆನ್ಸರ್‌ಗೆ ಮಾಡಿದ ಇ ಲೆನ್ಸ್‌ನಲ್ಲಿ ಸ್ಟೆಬಿಲೈಸೇಶನ್ ಇದೆ, ಎಫ್‌ಇಯಲ್ಲಿ ಇಲ್ಲ. ಹೆಸರಿನ ಕೊನೆಯ ಅಕ್ಷರದವರೆಗೆ ಓದಿ.

ಬಳಸಿದ ಲೆನ್ಸ್ ಆದರೆ ಹಿಂದಿನಿಂದ ಟಾರ್ಚ್ ಬಿಟ್ಟು ಒಳಗೆ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ಬಿಟ್ಟುಬಿಡಿ. ನಾಲ್ಕು ಧೂಳಿನ ಕಣ ಇದ್ದರೆ ಚಿಂತೆ ಬೇಡ. ಕೈಯಲ್ಲಿ ಫೋಕಸ್ ಮಾಡುವ ತಾಳ್ಮೆ ಇದ್ದವರಿಗೆ ಹಳೆಯ ಸೋವಿಯತ್ ಹೆಲಿಯಾಸ್ 44-2 ಥರದ 58 ಎಂಎಂ ಎಫ್ 2 ಲೆನ್ಸ್‌ಗಳೂ ಇವೆ. ಮಿರರ್‌ಲೆಸ್ ಕ್ಯಾಮೆರಾಕ್ಕೆ ಅಡಾಪ್ಟರ್ ಹಾಕಿದರೆ ಸಾಕು. ನನಗೆ ಅದರ ಬಣ್ಣ ತುಂಬಾ ಇಷ್ಟ. ಆದರೆ ಓಡಾಡುವ ಮಕ್ಕಳ ಮನೆಗೆ ಅದನ್ನು ಹೇಳಲಾರೆ.

ಮತ್ತೆ ಅದೇ ಕುರ್ಚಿ

50 ಎಂಎಂ ಬಂದ ಮೇಲೂ ಅಜ್ಜಿಯನ್ನು ಒಪ್ಪಿಸಲು ಸುಮಾರು ದಿನ ಬೇಕಾಯಿತು. ಒಪ್ಪಿದ ಮೇಲೂ ನಾನು ಮೊದಲು ಮಾಡಿದ್ದು ತಪ್ಪನ್ನೇ. ಎಫ್ 1.8 ಇದೆಯಲ್ಲ ಅಂತ ಅದರಲ್ಲೇ ತೆಗೆದೆ, ಅದೂ ಒಂದು ಮೀಟರ್ ಹತ್ತಿರದಿಂದ. ಆ ದೂರದಲ್ಲಿ ಸ್ಪಷ್ಟವಾಗಿ ಬರುವ ಪದರ ಸುಮಾರು 2.7 ಸೆಂಟಿಮೀಟರ್ ದಪ್ಪ. ಅಜ್ಜಿ ಮುಖ ಸ್ವಲ್ಪ ಓರೆ ಮಾಡಿದ್ದಳು. ಹತ್ತಿರದ ಕಣ್ಣಿನ ರೆಪ್ಪೆ ಬಂದಿತ್ತು, ಆಚೆಯ ಕಣ್ಣು ಮಸುಕು. ಇನ್ನು ಕೆಲವದರಲ್ಲಿ ಎರಡು ಕಣ್ಣೂ ಇಲ್ಲ, ಕಿವಿಯ ಓಲೆ ಮಾತ್ರ ಹೊಳೆಯುತ್ತಿತ್ತು. ನಡುವಿನ ಬಿಂದುವಿನಲ್ಲಿ ಕಣ್ಣಿಗೆ ಫೋಕಸ್ ಮಾಡಿ ಆಮೇಲೆ ಕ್ಯಾಮೆರಾ ತಿರುಗಿಸುತ್ತಿದ್ದೆ. ಒಂದು ಮೀಟರ್ ದೂರದಲ್ಲಿ 15 ಡಿಗ್ರಿ ತಿರುಗಿಸಿದರೆ ಫೋಕಸ್ ಮೂರು ಸೆಂಟಿಮೀಟರಿಗೂ ಜಾಸ್ತಿ ಹಿಂದೆ ಹೋಗುತ್ತದೆ ಅನ್ನೋದು ನನಗೆ ಗೊತ್ತಿರಲಿಲ್ಲ. ಫೋಕಸ್ ಬಿಂದುವನ್ನೇ ಕಣ್ಣಿನ ಮೇಲೆ ಸರಿಸಬೇಕು. ಕಣ್ಣನ್ನು ತಾನೇ ಹುಡುಕುವ ಈಗಿನ ಮಿರರ್‌ಲೆಸ್‌ಗಳಲ್ಲಿ ಈ ಗೋಳು ಇಲ್ಲ.

ಅರ್ಧ ಮೀಟರ್ ಹಿಂದೆ ಸರಿದು ಕೂತೆ. ಅಪರ್ಚರ್ ಎಫ್ 2.8 ಮಾಡಿದೆ. ಆಗ ಆ ಪದರ ಒಂಬತ್ತೂವರೆ ಸೆಂಟಿಮೀಟರ್ ಆಗುತ್ತದೆ, ಎರಡು ಕಣ್ಣು, ಮೂಗು, ತುಟಿ ಎಲ್ಲ ಬರುತ್ತವೆ. ಕಿವಿಯ ಹೊತ್ತಿಗೆ ಮೆಲ್ಲಗೆ ಮಸುಕಾಗುತ್ತದೆ. ಬೆಳಕು ಇನ್ನೂ ಕಿಟ್ ಲೆನ್ಸ್‌ನ ನಾಲ್ಕು ಪಟ್ಟು ಇತ್ತು. ಅಜ್ಜಿಗೆ ಅವಳ ಮದುವೆಯ ದಿನದ ಮಳೆಯ ಬಗ್ಗೆ ಕೇಳಿದೆ. ನೂರು ಸಲ ಕೇಳಿದ ಕಥೆ. ಹೇಳುತ್ತಾ ಹೇಳುತ್ತಾ ಅವಳು ಕ್ಯಾಮೆರಾ ಮರೆತಳು. ಚಪ್ಪರ ಸೋರಿದ ಮಾತು ಬಂದಾಗ ಎಂದಿನಂತೆ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಕೈ ಇಳಿಸಿದ ಮೇಲೂ ನಗು ಕಣ್ಣಲ್ಲಿ ಉಳಿದಿತ್ತು. ಆಗ ತೆಗೆದೆ.

ತೋರಿಸಿದಾಗ ಅವಳು ಜಾಸ್ತಿ ಹೊತ್ತು ನೋಡಲಿಲ್ಲ. "ಹೂಂ, ಇದು ನಾನು" ಅಂದಳು. ಆಮೇಲೆ, "ನಿನ್ನ ತಾತ ಇದ್ದಿದ್ದರೆ ಒಂದು ಪ್ರತಿ ಕೇಳುತ್ತಿದ್ದರು."

ಇವೆಲ್ಲ ನೆನಪಾಗಿ ಮಾರನೇ ದಿನ ಚಿಕ್ಕಮ್ಮನ ಮಗಳಿಗೆ ನಾನೇ ಫೋನ್ ಮಾಡಿದೆ. "ಲೆನ್ಸ್ ತಗೊಂಡೆಯಾ?" ಅಂದೆ. ಇನ್ನೂ ಇಲ್ಲ ಅಂದಳು. "ಹಾಗಾದರೆ ಒಂದು ವಾರ ತಡಿ. ನಿನ್ನ ಕಿಟ್ ಲೆನ್ಸನ್ನು 35ಕ್ಕೆ ತಿರುಗಿಸಿ ಟೇಪ್ ಅಂಟಿಸು. ಮೂರು ದಿನ ಅದರಲ್ಲೇ ತೆಗಿ. ಆಮೇಲೆ 50ಕ್ಕೆ ಅಂಟಿಸಿ ಮೂರು ದಿನ. ಫೋಟೋ ಕತ್ತಲೆ ಬಂದರೂ ಪರವಾಗಿಲ್ಲ, ಅಲ್ಲಾಡಿದರೂ ಪರವಾಗಿಲ್ಲ. ನೀನು ಎಲ್ಲಿ ನಿಲ್ಲಬೇಕಾಗುತ್ತೆ ಅನ್ನೋದನ್ನು ಮಾತ್ರ ನೋಡು. ಯಾರ ಫೋಟೋ ಜಾಸ್ತಿ ತೆಗೀತೀಯ?"

"ಅಪ್ಪಂದು. ಸಂಜೆ ಪೇಪರ್ ಓದ್ತಾ ಕೂತಿರ್ತಾರಲ್ಲ, ಆಗ."

ಏಳನೇ ದಿನ ಅವಳಿಂದ ಒಂದು ಫೋಟೋ ಬಂತು. ಸ್ವಲ್ಪ ಅಲುಗಿತ್ತು, ಐಎಸ್‌ಒ ಜಾಸ್ತಿಯಾಗಿ ಕಾಳು ಕಾಳಾಗಿತ್ತು. ಚಿಕ್ಕಪ್ಪ ಪೇಪರ್ ಮೇಲಿಂದ ಕಣ್ಣೆತ್ತಿ ಅವಳನ್ನೇ ನೋಡುತ್ತಿದ್ದರು, ಏನೋ ಹೇಳಲು ಬಾಯಿ ತೆರೆದಂತೆ. ಕೆಳಗೆ ಅವಳು ಬರೆದಿದ್ದಳು: "50ರಲ್ಲಿ ತೆಗೆದದ್ದು. ನಾನು ಎದುರಿನ ಸ್ಟೂಲ್ ಮೇಲೆ ಕೂತಿದ್ದೆ. ಅಪ್ಪ ಪೂರ್ತಿ ಸುದ್ದಿ ಓದಿ ಹೇಳಿದರು."